ಹೆಣ್ಣಿನ ಕಡೆಯವರು

ಲಾರ್ನಕಾ ಪುರಸಭೆಯಲ್ಲಿ ನೆಲ ಒರೆಸುವುದು ನನ್ನ ಕೆಲಸ.
ಸಾಕ್ಷಿ ಹಾಕುವುದು ಮೇಲಾದಾಯ.
ಸಮುದ್ರದಾಚೆ ಬೈರೂತಿನಿಂದ ಬರುತ್ತಾರೆ ಜೋಡಿಗಳು,
ಕಾಫಿ ಆರುವಷ್ಟರಲ್ಲಿ ಮುಗಿಯುವ ವಿಮಾನದ ಹಾದಿ.
ಅಲ್ಲಿ ಪಾದ್ರಿಗೆ ಪಾದ್ರಿಯ ಮಂದೆ, ಶೇಖನಿಗೆ ಶೇಖನ ಮಂದೆ;
ನಡುವಿನ ಬೇಲಿಯ ಮೇಲೆ ಚಪ್ಪರ ಹಾಕುವವರು
ಯಾರೂ ಇಲ್ಲವಂತೆ.
ಇಲ್ಲಿ ಕಾಗದ ಸರಿಯಿದ್ದರೆ ಸಾಕು.
ಜೊತೆಗೆ ಯಾರೂ ಬಾರದವರಿದ್ದರೆ
ಗುಮಾಸ್ತ ಯಾಂಗೋಸ್ ಕಾರಿಡಾರಿಗೆ ತಲೆ ಹಾಕಿ ಕೂಗುತ್ತಾನೆ:
"ಕ್ರಿಸ್ತಲ್ಲೂ, ಕೈ ಒರೆಸಿಕೊಂಡು ಬಾ."

ಇನ್ನೂರ ಹನ್ನೊಂದು ಮದುವೆಗೆ ರುಜು ಹಾಕಿದ್ದೇನೆ.
ಒಂದರಲ್ಲೂ ಊಟ ಮಾಡಿಲ್ಲ.

ಆ ಫೆಬ್ರವರಿಯ ಹುಡುಗಿ ನೆನಪಿದ್ದಾಳೆ. ನಜ್ಲಾ.
ಬೆಟ್ಟದ ಮೇಲಿನ ದ್ರೂಜರ ದೊಡ್ಡ ಮನೆತನ,
ಸೇಬಿನ ತೋಟ, ಕಲ್ಲಿನ ಕಮಾನು, ಬಾಗಿಲಿಗೊಬ್ಬ ಆಳು.
ಇದನ್ನು ಹೇಳಿದ್ದು ಅವಳಲ್ಲ, ಅವನು,
ತುಸು ಹೆಮ್ಮೆಯಿಂದ, ತನ್ನದೇ ಎನ್ನುವ ಹಾಗೆ.
ವಾರ್ತಾನ್, ಆರ್ಮೇನಿಯದವರ ಕೇರಿಯ ಮೋಚಿಯ ಮಗ.
ಆ ಮನೆಯ ಬೂಟುಗಳೆಲ್ಲ ಅವನಪ್ಪನ ಅಂಗಡಿಗೇ ಬರುತ್ತಿದ್ದವಂತೆ;
ಅವಳ ಹೆಸರು ತಿಳಿಯುವ ಎಷ್ಟೋ ಮೊದಲು
ಅವಳ ಹಿಮ್ಮಡಿ ಯಾವ ಕಡೆ ಸವೆಯುತ್ತದೆಂದು
ತಿಳಿದಿತ್ತಂತೆ ಅವನಿಗೆ.

ಅರ್ಜಿ ತುಂಬುತ್ತ ಅವಳು ಕಾಗದ ಮಗುಚಿದಳು.
ಮತ್ತೆ ಮಗುಚಿದಳು.
"ಏನು ಹುಡುಕ್ತಿದ್ದೀಯಮ್ಮ?"
"ಮತದ ಕಾಲಂ."
"ಇಲ್ಲ."
"ಇಲ್ಲವೇ ಇಲ್ಲವಾ?"
ಹುಟ್ಟಿದಂದಿನಿಂದ ಹೆಸರಿನ ಬೆನ್ನಿಗೇ ತುಂಬಿದ ಜಾಗ.
ಬಿದ್ದ ಹಲ್ಲಿನ ಸಂದಿಗೆ ನಾಲಗೆ ಹೋಗುವಂತೆ
ಅವಳ ಪೆನ್ನು ಅದನ್ನೇ ತಡಕುತ್ತಿತ್ತು.
ತಂದೆಯ ಉದ್ಯೋಗ ಎಂಬಲ್ಲಿ ಬರೆದಳು: ಜಮೀನು.
ಅವನು ಬರೆದ: ಪಾದರಕ್ಷೆ.
ಯಾಂಗೋಸ್ ಎರಡನ್ನೂ ಒಂದೇ ವೇಗದಲ್ಲಿ ಕುಟ್ಟಿದ.

ಗಂಡಿನ ಕಡೆಗೆ ಅವನ ಅಕ್ಕ ಬಂದಿದ್ದಳು,
ಸೊಂಟದಲ್ಲಿ ನಿದ್ದೆಹೋದ ಮಗು.
"ಹೆಣ್ಣಿನ ಕಡೆಯವರು?"
ಅವಳ ಚೀಲದೊಳಗೆ ಫೋನು ಗುರ್ರೆಂದಿತು.
ನಿಂತಿತು. ಮತ್ತೆ ಗುರ್ರೆಂದಿತು.
ಬಕೆಟ್ಟನ್ನು ಕಾಲಲ್ಲಿ ಸರಿಸಿ ನಾನು ಬಂದು ನಿಂತೆ,
ಕೈಯೆಲ್ಲ ಫಿನಾಯಿಲ್ ವಾಸನೆ.
ಉಂಗುರ ಬೆರಳ ಗೆಣ್ಣಿನಲ್ಲಿ ಸಿಕ್ಕಿಕೊಂಡಾಗ
ನನ್ನ ಜೇಬಿನ ಸೋಪಿನ ಚೂರೇ ಬೇಕಾಯಿತು.
ಒಟ್ಟು ಒಂಬತ್ತು ನಿಮಿಷ. ಗಡಿಯಾರ ನನ್ನೆದುರಿಗೇ ಇತ್ತು.

ಹೋಗುವಾಗ ನನ್ನ ಒದ್ದೆ ನೆಲ ತುಳಿಯದೆ
ಗೋಡೆಯಂಚಿಗೆ ಸರಿದು ನಡೆದಳು.
ಆಳುಕಾಳಿನ ಮನೆಯಲ್ಲಿ ಬೆಳೆದವಳು,
ಯಾರಿಂದ ಕಲಿತಳೋ.

ಮೇ ತಿಂಗಳಲ್ಲಿ ಒಂದು ಪತ್ರ, ನನ್ನ ಹೆಸರಿಗೆ.
ಮದುವೆಯ ಕಾಗದದಲ್ಲಿ ನನ್ನ ರುಜು ಕಂಡು
ಅವಳ ಅಪ್ಪ ಬರೆದದ್ದು, ಇಂಗ್ಲಿಷಿನಲ್ಲಿ.
ಓದಿ ಹೇಳುವ ಮೊದಲು ಯಾಂಗೋಸ್ ಬಾಗಿಲು ಮುಚ್ಚಿದ,
ಬೈಗುಳವಿದ್ದರೆ ನಾಲ್ಕು ಜನ ಕೇಳುವುದು ಬೇಡವೆಂದು, ಪಾಪ.
ಬೈದಿರಲಿಲ್ಲ.
"ಈ ಮನೆಯಲ್ಲಿ ಅವಳ ಹೆಸರೆತ್ತಬಾರದೆಂದು ಕಟ್ಟಳೆ.
ಹಾಕಿದವನು ನಾನೇ, ಮುರಿಯಲಾರೆ.
ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.
ಅವತ್ತು ಚಳಿ ಇತ್ತೇ? ಕೋಟು ಹಾಕಿದ್ದಳೇ?
ಅವಳ ಹಿಂದೆ, ನಮ್ಮ ಕಡೆಯವರು ಅಂತ,
ಯಾರಾದರೂ ನಿಂತಿದ್ದರೇ?"

ಮೂರು ರಾತ್ರಿ ಬರೆದು ಬರೆದು ಹರಿದೆ.
ಉಪ್ಪಿನ ಕೆರೆ ಒಣಗುತ್ತಿದೆ,
ಫ್ಲೆಮಿಂಗೋ ಹಕ್ಕಿಗಳು ಎದ್ದುಹೋದವು ಅಂತಲೂ ಬರೆದಿದ್ದೆ,
ಯಾಕೋ.
ಕೊನೆಗೆ ಕಳಿಸಿದ್ದು ಇಷ್ಟು:
ಚಳಿ ಇತ್ತು. ಕೋಟೂ ಇತ್ತು, ಬೂದು ಬಣ್ಣದ್ದು,
ಒಂದು ಗುಂಡಿ ಮಾತ್ರ ಬೇರೆ ದಾರದಲ್ಲಿ ಹೊಲಿದದ್ದು.
ನಾನು ನಿಂತಿದ್ದೆ.

ಅದಕ್ಕೆ ಇಪ್ಪತ್ತು ಯೂರೋ ತೆಗೆದುಕೊಂಡೆನೆಂದು
ಬರೆಯಲಿಲ್ಲ.